ಬರೆಯುವ ಧೈರ್ಯ ಎಲ್ಲಿಂದ ಬರುತ್ತದೆ?



ಸಂಘದ ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗಲೆಲ್ಲ ನಮ್ಮ ಬಹುತೇಕ ಮನೆಗಳಿಂದ ಬರುವ ಉತ್ತರ ಒಂದೇ: ‘ಹಾಡು ಎಂದರೆ ಹಾಡುತ್ತೇವೆ, ಐವತ್ತು ಜನಕ್ಕೆ ಬಿಸಿಬೇಳೆಭಾತ್ ಎಂದರೆ ಮಾಡಿ ತರುತ್ತೇವೆ. ಬರೆಯುವುದು ಮಾತ್ರ ನಮ್ಮಿಂದಾಗದು. ನಮ್ಮ ಕನ್ನಡ ಅಷ್ಟು ಶುದ್ಧವಿಲ್ಲ.’

ಇದು ವಿನಯದ ಮಾತಾಗಿ ಕೇಳಿಸಿದರೂ ಇದರ ಪರಿಣಾಮ ಚಿಕ್ಕದಲ್ಲ. ಕೋಲ್ಕತ್ತದಲ್ಲಿ ನೆಲೆಸಿರುವ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಬಂಗಾಳಿಗಳನ್ನು ಕಲಿಯುತ್ತಾರೆ. ಕನ್ನಡ ಅವರಿಗೆ ಕಿವಿಯ ಭಾಷೆಯಾಗಿ ಉಳಿಯುತ್ತದೆಯೇ ಹೊರತು ಕೈಯ ಭಾಷೆಯಾಗುವುದಿಲ್ಲ. ಹಿರಿಯರಾದ ನಾವೇ ಲೇಖನಿ ಕೆಳಗಿಟ್ಟರೆ, ಕನ್ನಡದಲ್ಲಿ ಬರೆಯಬಹುದೆಂಬ ಕಲ್ಪನೆಯೂ ಅವರಿಗೆ ಬಾರದು. ಆದುದರಿಂದ ಬರೆಯುವ ಆತ್ಮವಿಶ್ವಾಸ ಹೇಗೆ ಹುಟ್ಟುತ್ತದೆ, ಅದನ್ನು ಪೋಷಿಸುವವರು ಯಾರು ಎಂಬುದನ್ನು ಕೊಂಚ ವಿಚಾರ ಮಾಡುವುದು ಉಚಿತ.

ಮಾತೃಭಾಷೆಯೆಂಬ ಅಂಜಿಕೆ

ಮೊದಲಿಗೆ ‘ಶುದ್ಧ ಕನ್ನಡ’ದ ಅಂಜಿಕೆಯನ್ನೇ ನೋಡೋಣ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಮಂಜೇಶ್ವರದ ಗೋವಿಂದ ಪೈಗಳದು ಮತ್ತು ಗಿರೀಶ ಕಾರ್ನಾಡರದು ಕೊಂಕಣಿ. ಇವರಲ್ಲಿ ಮೂವರಿಗೆ ಕನ್ನಡದ ಬರವಣಿಗೆಗಾಗಿ ಜ್ಞಾನಪೀಠ ಪ್ರಶಸ್ತಿ ಸಂದಿತು. ಮನೆಯಲ್ಲಿ ಎರಡು ಭಾಷೆಗಳು ಬೆರೆತಿರುವುದು ಕೊರತೆಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕನ್ನಡವನ್ನೇ ಮಾತನಾಡುವ ಮಲೆನಾಡಿನ ಮನೆಯಲ್ಲಿ ಬೆಳೆದ ಕುವೆಂಪು ಅವರಾದರೂ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಇಂಗ್ಲಿಷ್ ಕವನಗಳ ಪುಸ್ತಿಕೆ ಹೊರಬಂದಿತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಯುವಕ ಪುಟ್ಟಪ್ಪ ತಮ್ಮ ಕವಿತೆಗಳನ್ನು ತೋರಿಸಿದಾಗ, ನಿಮ್ಮ ನುಡಿಯಲ್ಲಿ ಏನಾದರೂ ಬರೆದಿರುವಿರಾ ಎಂದು ಅವರು ವಿಚಾರಿಸಿ, ಕನ್ನಡದಲ್ಲಿ ಬರೆಯುವಂತೆ ಸಲಹೆಯಿತ್ತರು. ಕನ್ನಡವನ್ನೇ ಅರಿಯದ ಒಬ್ಬ ವಿದೇಶೀಯರ ಮಾತು ಕನ್ನಡದ ಮಹಾಕವಿಯನ್ನು ಕನ್ನಡಕ್ಕೆ ತಿರುಗಿಸಿತು. ಮುಂದೆ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರು ಅವರ ಬರಹಗಳಿಗೆ ಆಸಕ್ತಿಯ ಓದುಗರಾಗಿ ನಿಂತರು. ‘ಶ್ರೀ ರಾಮಾಯಣ ದರ್ಶನಂ’ ಕೃತಿಯನ್ನು ಕುವೆಂಪು ಅರ್ಪಿಸಿರುವುದು ಆ ಗುರುಗಳಿಗೇ.

ಒಬ್ಬ ಓದುಗ ಸಾಕು

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆತ್ಮವಿಶ್ವಾಸವು ಲೇಖಕನೊಳಗೆ ಮೊದಲೇ ತುಂಬಿರುವ ವಸ್ತುವಲ್ಲ. ಬರೆದದ್ದನ್ನು ಒಬ್ಬರಾದರೂ ಮನಸ್ಸಿಟ್ಟು ಓದಿದಾಗ ಅದು ಹುಟ್ಟುತ್ತದೆ.

ಕಾರ್ನಾಡರು ತರುಣರಾಗಿದ್ದಾಗ ಇಂಗ್ಲಿಷ್ ಕವಿಯಾಗಬೇಕೆಂದು ಬಯಸಿದ್ದರು. ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯ ದಿನಗಳಲ್ಲಿ ಅವರ ಲೇಖನಿಯಿಂದ ಮೂಡಿದ್ದು ಮಾತ್ರ ಕನ್ನಡ ನಾಟಕ ‘ಯಯಾತಿ’. ಧಾರವಾಡದ ಮನೋಹರ ಗ್ರಂಥಮಾಲೆಯ ಜಿ. ಬಿ. ಜೋಶಿ ಮತ್ತು ಕೀರ್ತಿನಾಥ ಕುರ್ತಕೋಟಿಯವರು ಅದರ ಸತ್ವವನ್ನು ಗುರುತಿಸಿದರು. 1961ರಲ್ಲಿ ಅದು ಪ್ರಕಟವಾಯಿತು. ಅನಂತಮೂರ್ತಿಯವರು 1965ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆಯಲ್ಲಿದ್ದಾಗ ಬರ್ಗ್‌ಮನ್ನರ ಚಲನಚಿತ್ರವೊಂದನ್ನು ನೋಡಿ, ಅದು ತಮ್ಮಲ್ಲಿ ಎಬ್ಬಿಸಿದ ವಿಚಾರಗಳನ್ನು ಮಾರ್ಗದರ್ಶಕರಾದ ಮಾಲ್ಕಮ್ ಬ್ರ್ಯಾಡ್ಬರಿಯವರಲ್ಲಿ ಹೇಳಿಕೊಂಡರು. ಅದನ್ನೇ ಬರೆಯಿರಿ ಎಂಬ ಪ್ರೇರಣೆ ದೊರೆಯಿತು, ‘ಸಂಸ್ಕಾರ’ ಹುಟ್ಟಿತು. ಊರಿನಿಂದ ದೂರವಿರುವುದು ಬರವಣಿಗೆಗೆ ಅಡ್ಡಿಯೆಂದು ಭಾವಿಸುವ ನಾವು ಇದನ್ನು ನೆನೆಯಬೇಕು. ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ಯಶವಂತ ಚಿತ್ತಾಲರು ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಕಥೆಗಳಲ್ಲಿ ಮತ್ತೆ ಮತ್ತೆ ಕಟ್ಟಿದರು. ತಾವಿದ್ದ ಮಹಾನಗರದ ಉದ್ಯೋಗ ಪ್ರಪಂಚವನ್ನೇ 1979ರ ‘ಶಿಕಾರಿ’ ಕಾದಂಬರಿಗೆ ವಸ್ತುವಾಗಿಸಿದರು.

ಕೋಲ್ಕತ್ತ ಕಲಿಸುವ ಪಾಠ

ನಾವಿರುವ ನಗರವಂತೂ ಈ ವಿಷಯದಲ್ಲಿ ಒಂದು ಪಾಠಶಾಲೆಯೇ ಸರಿ. ಜೋಡಾಸಾಂಕೋದ ಮನೆಯಲ್ಲಿ ಏಳೆಂಟು ವರ್ಷದ ರವೀಂದ್ರನಿಗೆ ಹದಿನಾಲ್ಕು ಅಕ್ಷರಗಳ ಪಯಾರ್ ಛಂದಸ್ಸನ್ನು ವಿವರಿಸಿ, ಪದ್ಯ ಬರೆ ಎಂದು ಕೂರಿಸಿದವನು ಆತನಿಗಿಂತ ಹಿರಿಯನಾದ ಬಂಧು ಜ್ಯೋತಿಪ್ರಕಾಶ. ಹಾಗೆ ಬರೆದ ಪದ್ಯಗಳಿಗೆ ಕೇಳುಗರನ್ನು ಹುಡುಕಿ ತರುವ ಉತ್ಸಾಹ ಅಣ್ಣನದು. ವಿಶ್ವಕವಿಯ ಮೊದಲ ಸಭಾಂಗಣ ಮನೆಯೇ ಆಗಿತ್ತು.

ಉಪೇಂದ್ರಕಿಶೋರ್ ರಾಯ್ ಅವರು 1913ರಲ್ಲಿ ಆರಂಭಿಸಿದ ಮಕ್ಕಳ ಪತ್ರಿಕೆ ‘ಸಂದೇಶ್’ ಮಧ್ಯೆ ನಿಂತುಹೋಗಿತ್ತು. ಅವರ ಮೊಮ್ಮಗ ಸತ್ಯಜಿತ್ ರಾಯ್, ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ 1961ರಲ್ಲಿ ಅದನ್ನು ಪುನರಾರಂಭಿಸಿದರು. ಪತ್ರಿಕೆಯ ಪುಟಗಳನ್ನು ತುಂಬಿಸಲೇಬೇಕಲ್ಲವೆ? ಆಗಲೇ ನಾಲ್ವತ್ತರ ಹೊಸ್ತಿಲಿನಲ್ಲಿದ್ದ ಸತ್ಯಜಿತ್ ಬಂಗಾಳಿಯಲ್ಲಿ ಕಥೆ ಬರೆಯತೊಡಗಿದರು. ಪ್ರೊಫೆಸರ್ ಶೋಂಕು, ಫೆಲುದಾ ಇಬ್ಬರೂ ಆ ಪುಟಗಳಲ್ಲೇ ಹುಟ್ಟಿದವರು. ವಯಸ್ಸಾಯಿತು ಎನ್ನುವವರಿಗೂ, ಸಣ್ಣ ಪತ್ರಿಕೆಯಿಂದ ಏನು ಪ್ರಯೋಜನ ಎನ್ನುವವರಿಗೂ ಇದು ಒಂದೇ ಉತ್ತರ.

ಸಣ್ಣ ಪತ್ರಿಕೆಗಳ ಬಗ್ಗೆ ಈ ನಗರಕ್ಕಿರುವ ಗೌರವ ಅಸಾಧಾರಣವಾದುದು. ಶಾಲಾ ಶಿಕ್ಷಕರಾಗಿದ್ದ ಸಂದೀಪ್ ದತ್ತ ಅವರು 1978ರಲ್ಲಿ ಕಾಲೇಜ್ ಸ್ಟ್ರೀಟ್ ಸಮೀಪದ ಟೇಮರ್ ಲೇನಿನ ತಮ್ಮ ಮನೆಯಲ್ಲೇ ಲಿಟಲ್ ಮ್ಯಾಗಜೀನ್‌ಗಳಿಗೆಂದೇ ಗ್ರಂಥಾಲಯವೊಂದನ್ನು ತೆರೆದರು. 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಪೋಷಿಸಿದರು. ಕೆಲವೇ ಪ್ರತಿಗಳು ಅಚ್ಚಾಗುವ ಪತ್ರಿಕೆಯೂ ಕಾಪಿಡಲು ಯೋಗ್ಯವೆಂಬ ನಂಬಿಕೆಯೇ ಎಷ್ಟೋ ಹೊಸ ಲೇಖಕರಿಗೆ ಬಲ. ನಮ್ಮ ಸ್ಮರಣ ಸಂಚಿಕೆಯನ್ನೂ ನಾವು ಅದೇ ಕಣ್ಣಿನಿಂದ ನೋಡಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಮೊದಲನೆಯದು ಕ್ರಮ. ಬ್ಯಾಂಕಿನ ನಮ್ಮ ಕೌಂಟರಿನಲ್ಲಿ ಆರ್.ಡಿ. ಖಾತೆ ತೆರೆಯುವವರು ದೊಡ್ಡ ಮೊತ್ತ ಕೈಗೆ ಬರಲೆಂದು ಕಾಯುವುದಿಲ್ಲ. ಸಣ್ಣ ಕಂತನ್ನು ತಪ್ಪದೆ ಕಟ್ಟುತ್ತಾರೆ. ಬರವಣಿಗೆಗೂ ಇದೇ ನಿಯಮ. ಸ್ಫೂರ್ತಿಗಾಗಿ ಕಾಯದೆ ದಿನಕ್ಕೆ ಅರ್ಧ ಪುಟ ಬರೆದರೆ ವರ್ಷಕ್ಕೆ ನೂರೆಂಬತ್ತು ಪುಟ ದಾಟುತ್ತದೆ. ಅದರಲ್ಲಿ ಹತ್ತು ಪುಟ ಉಳಿಸಿಕೊಳ್ಳುವಂಥದಾದರೂ ಲಾಭವೇ.

ಎರಡನೆಯದು ವಸ್ತು. ‘ತಾಯಿನಾಡಿನ ಹಿರಿಮೆ’ಯಂತಹ ದೊಡ್ಡ ವಿಷಯದಿಂದ ಆರಂಭಿಸಬೇಕಾಗಿಲ್ಲ. ಗರಿಯಾಹಾಟ್ ಮಾರುಕಟ್ಟೆಯಲ್ಲಿ ತರಕಾರಿಯ ಹೆಸರನ್ನು ಬಂಗಾಳಿಯಲ್ಲಿ ಕಲಿತ ಬಗೆ, ದುರ್ಗಾಪೂಜೆಯ ದಿನಗಳಲ್ಲೇ ಮನೆಯಲ್ಲಿ ನವರಾತ್ರಿಯ ಗೊಂಬೆ ಕೂರಿಸುವ ಸಂಭ್ರಮ, ಅಜ್ಜಿಗೆ ಬರೆಯುವ ಒಂದು ಪತ್ರ, ಇವೆಲ್ಲ ನಾವಲ್ಲದೆ ಬೇರಾರೂ ಬರೆಯಲಾರದ ವಿಷಯಗಳು.

ಮೂರನೆಯದು ಅನುವಾದ. ಸ್ವಂತ ವಸ್ತು ಹೊಳೆಯದಿದ್ದಾಗ ಬಂಗಾಳಿಯ ಒಂದು ಪುಟವನ್ನು ಕನ್ನಡಕ್ಕೆ ತಂದು ನೋಡಬಹುದು. ನ್ಯಾಯಾಂಗದ ನೌಕರಿಯಲ್ಲಿದ್ದ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಒಂದು ತಲೆಮಾರಿಗೇ ಕಾದಂಬರಿ ಓದುವ ಅಭ್ಯಾಸ ಹಚ್ಚಿದರು. ಅವರು ಶ್ರಮಪಟ್ಟು ಕಲಿತ ಭಾಷೆ ನಮಗೆ ಬೀದಿಯಲ್ಲೇ ದೊರೆಯುತ್ತಿದೆ. ಓದಲು ಕನ್ನಡ ಪುಸ್ತಕವಿಲ್ಲವೆನ್ನುವವರು ಅಲೀಪುರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕನ್ನಡ ವಿಭಾಗವೂ ಇದೆಯೆಂಬುದನ್ನು ಮರೆಯದಿರಲಿ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮೊದಲ ಓದುಗರ ಹೊಣೆ. ಮಗು ಕನ್ನಡದಲ್ಲಿ ನಾಲ್ಕು ಸಾಲು ಬರೆದು ತಂದಾಗ ನಾವು ಮೊದಲು ಹುಡುಕುವುದು ಒತ್ತಕ್ಷರದ ತಪ್ಪನ್ನು. ಇಲ್ಲವೇ ‘ತುಂಬಾ ಚೆನ್ನಾಗಿದೆ’ ಎಂದು ಹಾಳೆಯನ್ನು ಬದಿಗಿಡುತ್ತೇವೆ. ಎರಡರಿಂದಲೂ ಮಗು ಓದಿಸಿಕೊಂಡಂತೆ ಆಗದು. ಗಟ್ಟಿಯಾಗಿ ಓದಿಸಿ ಕೇಳಿ, ಇಷ್ಟವಾದ ಒಂದು ಸಾಲನ್ನು ಎತ್ತಿ ಹೇಳಿ, ‘ಆಮೇಲೆ ಏನಾಯಿತು?’ ಎಂದು ಪ್ರಶ್ನಿಸಬೇಕು. ಕಾಗುಣಿತ ತಿದ್ದುವುದು ಕೊನೆಯ ಕೆಲಸ. ಈ ಕ್ರಮ ಐವತ್ತು ದಾಟಿದ ಹೊಸ ಲೇಖಕರಿಗೂ ಅನ್ವಯಿಸುತ್ತದೆ.

ತಾಳ್ಮೆಯ ಫಲ

2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕೃತಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದರಲ್ಲಿರುವ ಹನ್ನೆರಡು ಕಥೆಗಳು 1990ರಿಂದ 2023ರವರೆಗಿನ ಮೂರು ದಶಕಗಳ ಬರವಣಿಗೆ. ಹಾಸನದಲ್ಲಿ ನೆಲೆಸಿ, ವಕೀಲಿ ವೃತ್ತಿಯನ್ನೂ ನಡೆಸುತ್ತ, ತಮ್ಮ ಸುತ್ತಲಿನ ಹೆಂಗಸರ ಬದುಕನ್ನು ಅವರು ಬಿಡದೆ ಬರೆದರು. ಜಗತ್ತು ಓದಿದ್ದು ಆಮೇಲೆ.

ಎಲ್ಲರೂ ಪ್ರಶಸ್ತಿಗಾಗಿ ಬರೆಯಬೇಕಾಗಿಲ್ಲ. ನಮ್ಮ ಮನೆಯ ಮಗಳೊಬ್ಬಳು ಮುಂದೊಂದು ದಿನ ‘ಇದು ನಮ್ಮಮ್ಮ ಕನ್ನಡದಲ್ಲಿ ಬರೆದದ್ದು, ನಾನೇ ಮೊದಲು ಓದಿದ್ದು’ ಎಂದು ಹೇಳುವಂತಾದರೆ ಸಾಕು. ಮುಂದಿನ ಸಂಚಿಕೆಗೆ ಪ್ರತಿ ಮನೆಯಿಂದ ಒಂದು ಪುಟವಾದರೂ ಬರಲಿ. ಕಳುಹಿಸುವ ಮೊದಲು ಅದನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಓದಲಿ ಎಂದು ಹಾರೈಸುತ್ತೇನೆ.