ಅಗ್ಗ ಅಂತೀರಿ... ಯಾರಿಗೆ ಅಗ್ಗ?

ಹುಬ್ಬಳ್ಳಿ-ಧಾರವಾಡದಲ್ಲಿ ಅಂಗಡಿಗಳಿಗೇನು ಬರವೇ? ಸಂಜೆಯಾದರೆ ದುರ್ಗದಬೈಲಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಧಾರವಾಡದ ಸುಭಾಸ ರೋಡಿನದೂ ಅದೇ ಕಥೆ. ಇದು ಸಾಲದೆಂದು ಈಗ ಬಸ್ಸಿನಲ್ಲಿ ಕುಳಿತವರ ಕೈಯೊಳಗಿನ ಮೊಬೈಲಿನಲ್ಲೂ ಒಂದು ಪ್ಯಾಟಿ ತೆರೆದುಕೊಂಡಿದೆ. ಎಲ್ಲಿ ಹೋದರೂ ಗಿರಾಕಿಯ ಬಾಯಲ್ಲಿ ಒಂದೇ ಮಾತು: "ಎಷ್ಟಕ್ಕ ಕೊಡ್ತೀರಿ?" ಯಾರು ಮಾಡಿದರು, ಯಾವುದರಿಂದ ಮಾಡಿದರು, ಎಷ್ಟು ದಿನ ಬಾಳಿಕೆ ಬರುತ್ತದೆ? ಈ ಮೂರು ಮಾತು ಕೇಳುವ ಗಿರಾಕಿ ಅಪರೂಪ.

ಅಗ್ಗ ಅಂತ ಮುಗ್ಗಲು ಜೋಳ ತಂದರೆ ರೊಟ್ಟಿ ಕಹಿಯಾಗುವುದು ಮನೆಯಲ್ಲೇ. ಆದರೆ ಈಗಿನ ಅಗ್ಗದ ಮಾಲಿನ ಕಹಿ ನಮ್ಮ ನಾಲಗೆಗೆ ಹತ್ತುವುದಿಲ್ಲ. ನಾವು ಉಳಿಸಿದ ರೊಕ್ಕವನ್ನು ಬೇರೆ ಯಾರೋ ತುಂಬಿರುತ್ತಾರೆ. ಒಮ್ಮೆ ನೇಕಾರ, ಒಮ್ಮೆ ರೈತ, ಒಮ್ಮೆ ನಮ್ಮದೇ ಓಣಿಯ ಗಟಾರ!

ಹಾಗಾದರೆ ಮಾಡಿದವರ ಹೊಟ್ಟೆಯ ಮೇಲೆ ಹೊಡೆಯದೆ, ಊರು ಹೊಲಸು ಮಾಡದೆ ಖರೀದಿ ಮಾಡುವ ಜಾಗ ಎಲ್ಲಿವೆ? ಬೆಂಗಳೂರಿಗೆ ಹೋಗಬೇಕಿಲ್ಲ. ಬಹಳಷ್ಟು ನಮ್ಮ ಬಸ್ಸು ಮುಟ್ಟುವ ದಾರಿಯಲ್ಲೇ ಇವೆ.

ಬೆಂಗೇರಿಯ ಬಾವುಟ

ಮೊದಲು ಬೆಂಗೇರಿಗೆ ಬನ್ನಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲಿ 1957ರಿಂದ ಇದೆ. ದೆಹಲಿಯಲ್ಲಿ ಹಾರುವ ಬಾವುಟ ಹುಬ್ಬಳ್ಳಿಯಲ್ಲಿ ಹೊಲಿದದ್ದು ಎಂದರೆ ನಮ್ಮ ಊರವರೇ ಎಷ್ಟೋ ಮಂದಿ "ಹೌದೇನ್ರೀ?" ಎಂದು ಹುಬ್ಬೇರಿಸುತ್ತಾರೆ. ಭಾರತೀಯ ಮಾನಕ ಸಂಸ್ಥೆಯ ಮುದ್ರೆಯೊಂದಿಗೆ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಹೆಸರಾದ ಜಾಗ ಇದು.

ಕೆಲಸ ಸುಮ್ಮನೆ ಆಗುವಂಥದ್ದಲ್ಲ. ನೂಲು ತೆಗೆಯಬೇಕು, ನೇಯಬೇಕು, ಬಣ್ಣ ಕಟ್ಟಬೇಕು, 24 ಗೆರೆಯ ಚಕ್ರ ಅಚ್ಚು ಹಾಕಬೇಕು, ಮೂರು ಪಟ್ಟಿ ಕೂಡಿಸಿ ಹೊಲಿಯಬೇಕು, ಕೊನೆಗೆ ಹಗ್ಗ ಕಟ್ಟಿ ಸಜ್ಜು ಮಾಡಬೇಕು. ಚಕ್ರ ಎರಡೂ ಬದಿಗೆ ಒಂದೇ ಜಾಗಕ್ಕೆ ಕೂತಿರಬೇಕು. ಅಳತೆ ಒಂಬತ್ತು ಬಗೆ. ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಸಣ್ಣದು ಮೇಜಿನ ಮೇಲೆ ಇಡುವ 6 ಇಂಚಿನದು. ಬಟ್ಟೆ ಬರುವುದು ಧಾರವಾಡ ತಾಲೂಕಿನ ಗರಗ, ಬಾಗಲಕೋಟೆ ಕಡೆಯ ತುಳಸಿಗೇರಿ ಇಂಥ ಊರುಗಳ ಮಗ್ಗಗಳಿಂದ. ನೂಲುವವರು, ಹೊಲಿಯುವವರು ಬಹುಪಾಲು ಹೆಣ್ಣುಮಕ್ಕಳು. ಹೊಲದ ಕೂಲಿ ಇಲ್ಲದ ದಿನವೂ ಮನೆಯಲ್ಲಿ ಒಲೆ ಹೊತ್ತುವುದು ಈ ಚರಕದಿಂದ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಅಲ್ಲಿವರೆಗೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯ ಬಾವುಟವೇ ಆಗಬೇಕಿತ್ತು. ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಾವುಟವೂ ಆದೀತು, ಯಂತ್ರದಲ್ಲಿ ಮಾಡಿದ್ದೂ ನಡೆದೀತು. ಮರುವರ್ಷ ಮನೆಮನೆಗೆ ಬಾವುಟ ಹಾರಿತು, ಸಂತೋಷ. ಆದರೆ ಬೀದಿಬೀದಿಯಲ್ಲಿ ಮಾರಿದ್ದು ಮಿರಿಮಿರಿ ಮಿಂಚುವ ಪಾಲಿಯೆಸ್ಟರ್. 2022ರಲ್ಲೇ ಬೆಂಗೇರಿಯವರು ಪ್ರತಿಭಟನೆಗೆ ಇಳಿಯಬೇಕಾಯಿತು.

ಪಾಲಿಯೆಸ್ಟರ್ ಬಾವುಟ ಏರಿಸಿದವರದು ತಪ್ಪಲ್ಲ, ಕಾಯಿದೆಯೇ ಒಪ್ಪಿದೆ. ಆದರೆ ನಮ್ಮ ಊರಿನ ಶಾಲೆ, ಬ್ಯಾಂಕು, ಸಂಘ-ಸಂಸ್ಥೆ, ಅಂಗಡಿಕಾರರ ಮಂಡಳಿ, ಇವರೆಲ್ಲ ವರ್ಷಕ್ಕೊಂದು ಬಾವುಟ ಕೊಳ್ಳುವಾಗ ನಾಲ್ಕು ಹೆಜ್ಜೆ ನಡೆದು ಬೆಂಗೇರಿಗೆ ಹೋದರೆ ಕಾಲು ಸವೆಯುತ್ತವೆಯೇ?

ಒಂದು ಎಳೆ, ಒಂದು ಕಡ್ಡಿ

ಖಾದಿ ಎಂದು ಬರೆದದ್ದೆಲ್ಲ ಖಾದಿಯಲ್ಲ. ಕೈಯಿಂದ ನೂತದ್ದೂ ಆಗಿರಬೇಕು, ಕೈಮಗ್ಗದಲ್ಲಿ ನೇಯ್ದದ್ದೂ ಆಗಿರಬೇಕು, ಆಗ ಮಾತ್ರ ಖಾದಿ. ಗಿರಣಿಯ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ. ಅದೂ ಒಳ್ಳೆಯದೇ, ಆದರೆ ಹೆಸರು ಬೇರೆ. ಖಾದಿಗೆ ಖಾದಿ ಮಾರ್ಕ್ ಇದೆ, ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ. ಚೀಟಿ ನೋಡಿ ಕೊಳ್ಳುವುದಕ್ಕೆ ನಾಚಿಕೆ ಯಾಕೆ?

ಚೀಟಿ ಇಲ್ಲದಿದ್ದರೆ ಹಿರಿಯರ ಉಪಾಯ ಒಂದಿದೆ. ಅಂಚಿನಿಂದ ಒಂದೇ ಒಂದು ಎಳೆ ತೆಗೆದು ಕಡ್ಡಿ ಗೀರಿ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗಿ ಕೂರುತ್ತದೆ. ಖಾದಿ ಭಂಡಾರದಲ್ಲಿ 'ಪಾಲಿವಸ್ತ್ರ' ಎಂಬ ಬೆರಕೆ ಬಟ್ಟೆಯೂ ಇರುತ್ತದೆ. ಅದು ಮೋಸವಲ್ಲ, ಹೆಸರು ಹೇಳಿಯೇ ಮಾರುತ್ತಾರೆ. ಕೊಳ್ಳುವಾಗ "ಇದು ಬರೇ ಹತ್ತೀದೇನ್ರೀ?" ಎಂದು ಕೇಳಿದರೆ ಮುಗಿಯಿತು.

ಇಳಕಲ್, ಕಸೂತಿ, ಜಮಖಾನೆ

ಮದುವೆ ಸೀಸನ್ನಿನಲ್ಲಿ ಇಳಕಲ್ ಸೀರೆಗೆ ಬೇಡಿಕೆ ಹೆಚ್ಚು. ಅಂಗಡಿಯ ಗಾಜಿನೊಳಗೆ ಎಲ್ಲವೂ ಇಳಕಲ್ಲೇ! ನಿಜವಾದ ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಕೂಡಿಸಿರುತ್ತಾರೆ. ಒಂದೊಂದು ಎಳೆಗೂ ಒಂದೊಂದು ಕೊಂಡಿ. ಒಡಲಿಗೂ ಸೆರಗಿಗೂ ನಡುವಿನ ಆ ಗಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಅಂಗಡಿಕಾರರನ್ನೂ ಕೇಳಿ. ವಿದ್ಯುತ್ ಮಗ್ಗದ ನಕಲಿಗೆ ಅಷ್ಟು ವ್ಯವಧಾನ ಎಲ್ಲಿಯದು?

ಕಸೂತಿಗೂ ಹಾಗೆಯೇ, ಸೀರೆ ತಿರುಗಿಸಿ ನೋಡಿ. ಕೈಕಸೂತಿಯ ಗವಂತಿ, ಮುರಗಿ ಹೊಲಿಗೆ ಮೇಲೆ ಹೇಗೋ ಒಳಗೂ ಹಾಗೆಯೇ ಇರುತ್ತದೆ, ಗಂಟು ಕಾಣುವುದಿಲ್ಲ. ಯಂತ್ರದ ಹೊಲಿಗೆಯ ಬೆನ್ನು ನೋಡಿದ ಕೂಡಲೇ ಗುಟ್ಟು ರಟ್ಟು. ಒಂದು ಸೀರೆಯ ಕಸೂತಿಗೆ ಎಷ್ಟೋ ವಾರ ಕಣ್ಣು ಕೀಲಿಸಿ ಕೂತ ಹೆಣ್ಣುಮಗಳ ಕೂಲಿ ಆ ಬೆಲೆಯಲ್ಲಿದೆ. ಯಂತ್ರದ ಸೀರೆಯನ್ನು ಯಂತ್ರದ್ದೆಂದು ಮಾರಿದರೆ ಯಾರದೂ ತಕರಾರಿಲ್ಲ. ಕೈದೆಂದು ಮಾರಿದರೆ ಮಾತ್ರ ಗಿರಾಕಿಗೂ ಮೋಸ, ಕಸೂತಿ ಹಾಕುವವಳಿಗೂ ಮೋಸ.

ನವಲಗುಂದದ ಜಮಖಾನೆ ಇದೇ ಜಿಲ್ಲೆಯದು. ನೇಯುವವರು ಹೆಣ್ಣುಮಕ್ಕಳೇ. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ, ಆದರೆ ನೇಯುವ ಕೈಗಳು ಕಡಿಮೆಯಾಗುತ್ತ ಬಂದಿವೆ. ಮಾನ್ಯತೆಯ ಕಾಗದ ಹೊಟ್ಟೆ ತುಂಬಿಸುವುದಿಲ್ಲ, ಗಿರಾಕಿ ಬೇಕು. ಕಲಘಟಗಿಯ ಬಣ್ಣದ ತೊಟ್ಟಿಲೂ ಹಾಗೆಯೇ. ಒಮ್ಮೆ ಕೊಂಡರೆ ಮಗ, ಮೊಮ್ಮಗ, ಮಗ್ಗುಲು ಮನೆಯ ಕೂಸು, ಎಲ್ಲರೂ ಅದರಲ್ಲೇ ಮಲಗಿ ಎದ್ದಾರು. ಪ್ಲಾಸ್ಟಿಕ್ ತೊಟ್ಟಿಲು ಒಂದು ಕೂಸು ಅಂಬೆಗಾಲಿಡುವುದರೊಳಗೆ ಸೀಳುತ್ತದೆ.

ಕಾಯಿಪಲ್ಲೆ ಬುಟ್ಟಿಯ ಮುಂದೆ

"ಹತ್ತಕ್ಕ ಮೂರು ಸಿವುಡು ಕೊಡಬೇ ಯವ್ವಾ."

"ಬರಂಗಿಲ್ಲ ತಂಗಿ, ಎರಡು ತಗೋ. ಬಸ್ಸಿಗೆ ಕೊಟ್ಟದ್ದೂ ಹುಟ್ಟಂಗಿಲ್ಲ ನನಗ."

ನಮ್ಮ ಪ್ಯಾಟಿಯಲ್ಲಿ ದಿನವೂ ಕೇಳುವ ಮಾತು ಇದು. ದೊಡ್ಡ ಮಾಲಿನಲ್ಲಿ ಅಚ್ಚು ಹಾಕಿದ ಬೆಲೆಗೆ ಬಾಯಿ ಮುಚ್ಚಿ ಕೊಡುವ ನಾವು, ಮೆಂತೆ ಪಲ್ಲೆಯ ಸಿವುಡಿಗೆ ವಕೀಲರಾಗುತ್ತೇವೆ! ಚೌಕಾಸಿ ಮಾಡಲೇಬೇಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಸಂಜೆ ಬಾಡಿದ ಪಲ್ಲೆ ಮನೆಗೆ ಹೊತ್ತುಕೊಂಡು ಹೋಗಬೇಕಾದವಳ ಮುಂದೆ ಮಾಡುವ ಚೌಕಾಸಿಗೆ ಒಂದು ಮಿತಿ ಇರಲಿ. ಸುತ್ತಿನ ಹಳ್ಳಿಯಿಂದ ಬೆಳಿಗ್ಗೆ ಬಂದ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಇಲ್ಲ, ತಣ್ಣಗಿಡುವ ಯಂತ್ರ ಇಲ್ಲ. ಇದಕ್ಕಿಂತ ನೇರವಾದ ವ್ಯಾಪಾರ ಬೇರೆ ಯಾವುದಿದೆ?

ಖಾರಕ್ಕೂ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಮೈಮೇಲೆ ಸುಕ್ಕು. ಪುಡಿಯಾಗಿ ಬಂದರೆ ಈ ಯಾವ ಗುರುತೂ ಕಾಣುವುದಿಲ್ಲ. ಇಡೀ ಕಾಯಿ ಕೊಂಡು ಓಣಿಯ ಗಿರಣಿಯಲ್ಲಿ ಕಣ್ಣೆದುರಿಗೆ ಕುಟ್ಟಿಸಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ರೈತರು ರೊಚ್ಚಿಗೆದ್ದು ಬೆಂಕಿ ಹಚ್ಚಿದ್ದನ್ನು ಎಲ್ಲರೂ ನೋಡಿದ್ದೇವೆ. ಬೆಂಕಿ ಸರಿಯೆಂದು ಯಾರೂ ಅನ್ನಲಾರರು. ಆದರೆ ನಮ್ಮ ಡಬ್ಬಿಯ ಖಾರದ ಹಿಂದೆ ಎಂಥ ಸಂಕಟ ಇರುತ್ತದೆ ಎಂಬುದು ಅಂದು ತಿಳಿಯಿತು.

ತೀರ್ಥದ ಹೆಣ್ಣುಮಕ್ಕಳು

ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಹೆಸರು 2025ರಲ್ಲಿ ವಿಶ್ವಸಂಸ್ಥೆಯವರೆಗೆ ಹೋಯಿತು. ಅಲ್ಲಿಯ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ ಯುಎನ್‌ಡಿಪಿಯ ಈಕ್ವೇಟರ್ ಪ್ರಶಸ್ತಿ ಬಂತು. ಅವರು ಮಾಡಿದ್ದೇನು? ಮರೆತುಹೋಗುತ್ತಿದ್ದ ಸಾವಿ, ನವಣಿಯ ಬೀಜ ಕೂಡಿಟ್ಟರು, ರೈತರಿಗೆ ಹಂಚಿದರು, ಸಿರಿಧಾನ್ಯದ ಹೊಟ್ಟು ತೆಗೆಯುವ ಘಟಕವನ್ನು ಹೆಣ್ಣುಮಕ್ಕಳೇ ನಡೆಸಿದರು. ಹೊಟ್ಟು ತೆಗೆಯುವುದು ಬಲು ತ್ರಾಸಿನ ಕೆಲಸ. ಅದಕ್ಕಾಗಿಯೇ ಎಷ್ಟೋ ಮಂದಿ ಇವನ್ನು ಬೆಳೆಯುವುದನ್ನೇ ಬಿಟ್ಟಿದ್ದರು. ಮಳೆ ಕೈಕೊಟ್ಟ ವರ್ಷವೂ ಅಷ್ಟಿಷ್ಟು ಕೈಗೆ ಹತ್ತುವ ಬೆಳೆ ಇವು.

ಅಂಗಡಿಯಲ್ಲಿ ಸಿರಿಧಾನ್ಯ ಕೊಳ್ಳುವಾಗ ಬೆಳ್ಳಗೆ ಹೊಳೆಯುವುದನ್ನು ಆರಿಸಬೇಡಿ. ಅದಕ್ಕೆ ಪಾಲಿಶ್ ಮಾಡಿರುತ್ತಾರೆ, ಸತ್ವ ಹೋಗಿರುತ್ತದೆ. ಪೊಟ್ಟಣದ ಮೇಲೆ 'ಸಾವಯವ' ಎಂದು ಬರೆದಿದ್ದರೆ 'ಜೈವಿಕ ಭಾರತ' ಗುರುತು ಇದೆಯೇ ನೋಡಿ. ನೇರವಾಗಿ ಮಾರುವ ಸಣ್ಣ ರೈತನಿಗೆ ಆ ಗುರುತು ಕಡ್ಡಾಯವಲ್ಲ. ಅವನನ್ನು ಬಾಯಿಬಿಟ್ಟು ಕೇಳಿದರೆ ಹೊಲದ ಕಥೆಯನ್ನೇ ಹೇಳುತ್ತಾನೆ.

ಪಿಶವಿ ಎಲ್ಲಿ ಹೋಯಿತು?

ನಮ್ಮ ಅಜ್ಜಂದಿರು ಅಂಗಿ ಮರೆತು ಪ್ಯಾಟಿಗೆ ಬಂದಾರು, ಅರಿವಿಯ ಪಿಶವಿ ಮರೆತು ಬರುತ್ತಿರಲಿಲ್ಲ! ಈಗ ಗಿರಾಕಿ ಕೈಬೀಸಿಕೊಂಡು ಬರುತ್ತಾನೆ, "ಕ್ಯಾರಿಬ್ಯಾಗ್ ಕೊಡ್ರಿ" ಎನ್ನುತ್ತಾನೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರ ಮಾರ್ಚ್‌ನಲ್ಲಿ, ತೆಳುವೋ ದಪ್ಪವೋ ಎಂಬ ಭೇದ ಇಲ್ಲದೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿತು. ಆದರೂ ಗಟಾರ ಕಟ್ಟುವುದು ನಿಂತಿದೆಯೇ? ಮೊದಲ ಮಳೆಗೆ ಓಣಿಯ ನೀರು ಅಂಗಡಿಯ ಕಟ್ಟೆ ಏರಿದಾಗ ಅದರ ಮೇಲೆ ತೇಲುವುದು ಏನು?

ಇನ್ನೊಂದು ಕಣ್ಕಟ್ಟು: ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ಚೀಲ. 'ನಾನ್ ವೋವನ್' ಎನ್ನುತ್ತಾರೆ. ಬಹುತೇಕ ಅದೂ ಪ್ಲಾಸ್ಟಿಕ್ಕೇ. ಮೇಲೆ ಹೇಳಿದ ಕಡ್ಡಿಯ ಪರೀಕ್ಷೆ ಅದಕ್ಕೂ ಮಾಡಿ ನೋಡಿ.

ಅಂಗಡಿಕಾರರ ಅಳಲೂ ಸುಳ್ಳಲ್ಲ. ಚೀಲ ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ನಡೆಯುತ್ತಾನೆ, ಕೊಟ್ಟರೆ ದಂಡ. "ಮಾಡೋ ಫ್ಯಾಕ್ಟರಿ ಬಿಟ್ಟು ನಮ್ಮನ್ನ ಹಿಡೀತಾರ್ರೀ" ಎಂಬ ಮಾತಿಗೆ ಅಧಿಕಾರಿಗಳು ಉತ್ತರ ಕೊಡಬೇಕು. ಓಣಿಯ ಅಂಗಡಿಯವರೆಲ್ಲ ಒಂದಾಗಿ, ದರ್ಜಿಯಿಂದ ತುಂಡು ಅರಿವಿಯ ಪಿಶವಿ ಹೊಲಿಸಿ, ಠೇವಣಿ ಹಿಡಿದು ಕೊಟ್ಟರೆ ಹೇಗೆ? ತಂದುಕೊಟ್ಟರೆ ರೊಕ್ಕ ವಾಪಸ್. ಹಿಂದೆ ಸೋಡಾ ಬಾಟಲಿಗೆ ಇದೇ ಪದ್ಧತಿ ಇರಲಿಲ್ಲವೇ?

ಕೊಳ್ಳದಿರುವುದೂ ಖರೀದಿಯೇ

ಎಲ್ಲಕ್ಕಿಂತ ನ್ಯಾಯವಾದ ಖರೀದಿ ಯಾವುದು ಗೊತ್ತೇ? ಇದ್ದದ್ದನ್ನು ರಿಪೇರಿ ಮಾಡಿಸುವುದು. ಬಸ್ ಸ್ಟ್ಯಾಂಡಿನ ಮಗ್ಗುಲು ಚಪ್ಪಲಿ ಹೊಲಿಯುವವರು, ಕೊಡೆ ಕಟ್ಟುವವರು, ಮಿಕ್ಸಿ ಬಿಚ್ಚಿ ಜೋಡಿಸುವವರು, ಇವರೂ ನಮ್ಮ ಊರಿನ ವ್ಯಾಪಾರಿಗಳೇ. ಹಳೆಯ ಸೀರೆಗಳನ್ನು ಪದರುಪದರಾಗಿ ಇಟ್ಟು ಹೊಲಿದ ಕೌದಿಯನ್ನು ಈಗ ದೊಡ್ಡ ಊರಿನವರು ಕಲೆ ಎಂದು ಗೋಡೆಗೆ ತೂಗುಹಾಕುತ್ತಾರೆ. ನಮ್ಮಲ್ಲಿ ಅದನ್ನು ಹೊಲಿಯುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಹಳೆ ಸೀರೆ ಕೊಟ್ಟು ಕೂಲಿ ಕೊಟ್ಟರೆ ಹತ್ತಾರು ಚಳಿಗಾಲ ಕಳೆಯುವ ಹೊದಿಕೆ ಸಿಗುತ್ತದೆ. ಹೊಸದಾಗಿ ಏನೂ ಸುಡಬೇಕಿಲ್ಲ, ಏನೂ ಬಿಸಾಡಬೇಕಿಲ್ಲ.

ಪಾಲಿಕೆಗೆ ನಾಲ್ಕು ಮಾತು

ಗಿರಾಕಿಗೆ, ಅಂಗಡಿಕಾರರಿಗೆ ಬುದ್ಧಿ ಹೇಳಿ ಪಾಲಿಕೆಯನ್ನು ಬಿಟ್ಟರೆ ನ್ಯಾಯವಾಗದು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತರಷ್ಟಾದರೂ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಬುಟ್ಟಿ ಇಟ್ಟು ಕೂತವಳಿಗೆ ನೆರಳು, ನೀರು, ಒಂದು ಶೌಚಾಲಯ ಕೊಡುವುದು ದೊಡ್ಡ ಯೋಜನೆಯೇನಲ್ಲ. ಬೆಂಗೇರಿಯ ಖಾದಿ, ನವಲಗುಂದದ ಜಮಖಾನೆ, ತೀರ್ಥದ ಸಾವಿ, ಇವನ್ನೆಲ್ಲ ಒಂದೇ ಕಡೆ ಮಾರಲು ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕು ಮಳಿಗೆ ಬಿಟ್ಟುಕೊಟ್ಟರೆ, ಆಫೀಸು ಮುಗಿಸಿ ಬಸ್ಸಿಗೆ ಕಾಯುವವರೇ ಖಾಲಿ ಮಾಡಿಯಾರು.

ಎಲ್ಲವನ್ನೂ ನಾಳೆಯೇ ಬದಲಿಸಿ ಎಂದರೆ ಯಾರ ಕಿಸೆಗೂ ತಾಳದು, ಗೊತ್ತಿದೆ. ತಿಂಗಳಿಗೆ ಒಂದು ಸಾಮಾನು ಸಾಕು. ಈ ತಿಂಗಳು ಒಂದು ಖಾದಿ ಟವೆಲ್, ಮುಂದಿನ ತಿಂಗಳು ಒಂದು ಕಿಲೋ ನವಣಿ. ಅಂಗಡಿಕಾರರು ಮಾಲಿಗೆ ಅದರ ನಿಜವಾದ ಹೆಸರು ಹೇಳಿ ಮಾರಲಿ, ಗಿರಾಕಿಗಳು "ಎಷ್ಟು?" ಎನ್ನುವ ಮೊದಲು "ಯಾರು ಮಾಡಿದ್ದರೀ?" ಎಂದು ಕೇಳಲಿ. ಪಾಲಿಕೆ ಮಳಿಗೆಯ ಬಾಗಿಲು ತೆರೆಯಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?