ಒಂದೇ ಗಿಯರ್, ಎದುರುಗಾಳಿ ಮತ್ತು ಹದಿನೇಳು ಹಲ್ಲು

ನನ್ನ ಸೈಕಲ್ಲಿಗೆ ಇರುವುದು ಒಂದೇ ಗಿಯರ್, ಅದೂ ಫಿಕ್ಸ್ಡ್. ಅಂದರೆ ಹಿಂದಿನ ಚಕ್ರ ತಿರುಗುವವರೆಗೆ ಪೆಡಲೂ ತಿರುಗುತ್ತಲೇ ಇರುತ್ತದೆ. ಇಳಿಜಾರು ಬಂತೆಂದು ಕಾಲು ಸುಮ್ಮನೆ ಇಟ್ಟು ಕೂರುವಂತಿಲ್ಲ. ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಇದನ್ನು ಸರಿಸಲು ಹೋಗಿ ಪೆಡಲಿನಿಂದ ಮೊಣಕಾಲಿಗೆ ಹೊಡೆಸಿಕೊಂಡ ಗೆಳೆಯರು ಇದ್ದಾರೆ. "ಇದು ಸೈಕಲ್ಲೋ ಸರ್ಕಸ್ಸೋ" ಎಂದು ಅಬ್ಬಾ ಕೂಡ ಕೇಳಿದ್ದರು. ಯಾಕೆ ಇಂಥದ್ದು ಕಟ್ಟಿಸಿದೆ, ಯಾವ ಸಾಮಾನು ಹೇಗೆ ಆರಿಸಿದೆ ಎಂದು ಕೇಳುವವರಿಗೆಲ್ಲ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಟೈಮ್ ಟ್ರಯಲ್ ಗುಂಪಿನಲ್ಲಿ ಓಡುವ ರೇಸ್ ಅಲ್ಲ. ಒಬ್ಬೊಬ್ಬರೇ ಹೊರಡಬೇಕು, ಗೊತ್ತುಮಾಡಿದ ದೂರವನ್ನು ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೋ ಅವರು ಗೆದ್ದರು. ಇಂಗ್ಲೆಂಡಿನ ಕ್ಲಬ್ ಸವಾರರು ಎಷ್ಟೋ ದಶಕ ಇದನ್ನು ಫಿಕ್ಸ್ಡ್ ಸೈಕಲ್ಲಿನಲ್ಲೇ ಮಾಡಿದರು. ಈಗ ದೊಡ್ಡ ರಸ್ತೆ ಸ್ಪರ್ಧೆಗಳಲ್ಲಿ ಗಿಯರ್ ಸೈಕಲ್ಲೇ, ಫಿಕ್ಸ್ಡ್ ಉಳಿದಿರುವುದು ಮುಖ್ಯವಾಗಿ ಟ್ರ್ಯಾಕಿನಲ್ಲಿ. ನಮ್ಮ ಕಡೆ ಸೈಕಲ್ಲಿಂಗಿಗೆ ಹೆಸರಾದದ್ದು ವಿಜಯಪುರ, ಬಾಗಲಕೋಟೆ. ಅಲ್ಲಿ ಸೈಕಲ್ ಸವಾರರಿಗೆಂದೇ ಕ್ರೀಡಾ ನಿಲಯಗಳಿವೆ. ರಾಯಚೂರಿನಲ್ಲಿ ನಾವು ಮೂವರು ಗೆಳೆಯರು ಮತ್ತು ಒಂದು ಮೊಬೈಲ್ ಸ್ಟಾಪ್‌ವಾಚ್, ಅಷ್ಟೇ. ಭಾನುವಾರ ಬೆಳಿಗ್ಗೆ ಊರ ಹೊರಗಿನಿಂದ ಮಾನ್ವಿ ರಸ್ತೆಯಲ್ಲಿ 10 ಕಿ.ಮೀ. ಹೋಗಿ ವಾಪಸ್ ಬರುತ್ತೇವೆ. ಗಿಯರ್ ಬದಲಿಸುವ ಸಾಮಾನೇ ಇಲ್ಲದ್ದರಿಂದ ಫಿಕ್ಸ್ಡ್ ಸೈಕಲ್ ಅಗ್ಗಕ್ಕೆ ಆಗುತ್ತದೆ. ನನ್ನ ಬಳಿ ಇದ್ದದ್ದು ಎರಡು ವರ್ಷ ಕೂಡಿಟ್ಟ ಈದಿ ಹಣ.

ಮೊದಲು ಹಲ್ಲಿನ ಲೆಕ್ಕ. ಮನೆಯಲ್ಲಿ ನಾವು ದಾಂತ್ ಎನ್ನುತ್ತೇವೆ, ಅಂಗಡಿಯಲ್ಲಿ ಟೀತ್ ಎನ್ನುತ್ತಾರೆ, ಇಲ್ಲಿ ಹಲ್ಲು ಎಂದೇ ಬರೆಯುತ್ತೇನೆ. ಮುಂದಿನ ದೊಡ್ಡದು ಚೈನ್‌ವೀಲ್. ಹಿಂದಿನ ಚಿಕ್ಕದು ಸಾಮಾನ್ಯ ಸೈಕಲ್ಲಿನಲ್ಲಿ ಫ್ರೀವೀಲ್, ಫಿಕ್ಸ್ಡ್ ಸೈಕಲ್ಲಿನಲ್ಲಿ ಕಾಗ್. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂದು ಸಿಗುತ್ತದೆ. ದಾರ ಸುತ್ತಿ ಅಳೆದಾಗ ನನ್ನ ಚಕ್ರ 2.1 ಮೀಟರ್ ಬಂತು. ಮುಂದೆ 48, ಹಿಂದೆ 14 ಹಾಕಿದರೆ ಒಂದು ಸುತ್ತಿಗೆ 7.2 ಮೀಟರ್. ಹಿಂದೆ 17 ಹಾಕಿದರೆ 5.9 ಮೀಟರ್.

ಹೆಚ್ಚು ದೂರ ಹೋಗುವುದೇ ಒಳ್ಳೆಯದಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿ.ಮೀ. ಹೋದದ್ದು 52-14ರಲ್ಲಿ. 2022ರಲ್ಲಿ ಫಿಲಿಪ್ಪೊ ಗನ್ನಾ 56.792 ಕಿ.ಮೀ. ಹೋದದ್ದು 65-14ರಲ್ಲಿ. ಇದನ್ನು ಓದಿ ನಾನೂ 14 ಹಲ್ಲಿನ ಕಾಗ್ ತಂದೆ. ಆದರೆ ಗನ್ನಾ ಹೋದದ್ದು ಛಾವಣಿ ಇರುವ ಟ್ರ್ಯಾಕಿನಲ್ಲಿ. ನಮ್ಮದು ಮಾನ್ವಿ ರಸ್ತೆ, ಎರಡೂ ಕಡೆ ಬಯಲು ಗದ್ದೆ, ಜೂನ್ ಜುಲೈನಲ್ಲಿ ನೈಋತ್ಯದ ಗಾಳಿ ನೇರ ಮುಖಕ್ಕೆ. 14 ಹಲ್ಲಿನಲ್ಲಿ ಹೋಗುವಾಗ 28 ನಿಮಿಷ, ಬರುವಾಗ 16, ಒಟ್ಟು 44. ಹೋಗುವಾಗ ಕಾಲು ನಿಮಿಷಕ್ಕೆ 50 ಸುತ್ತು ತಿರುಗಲೂ ಒದ್ದಾಡುತ್ತಿತ್ತು, ಮರುದಿನ ಮೆಟ್ಟಿಲು ಹತ್ತಲು ಆಗಲಿಲ್ಲ. 17 ಹಾಕಿದ ಮೇಲೆ ಹೋಗುವಾಗ 25, ಬರುವಾಗ 17, ಒಟ್ಟು 42.

ಲಾಭ-ನಷ್ಟ ಖಾತೆ ಬರೆದರೆ ಬರುವಾಗ ಒಂದು ನಿಮಿಷ ನಷ್ಟ, ಹೋಗುವಾಗ ಮೂರು ನಿಮಿಷ ಲಾಭ. ದೂರ ಎರಡೂ ಕಡೆ 10 ಕಿ.ಮೀ. ಆದರೂ ಎದುರುಗಾಳಿಯಲ್ಲಿ ನಾವು ಕಳೆಯುವ ಸಮಯವೇ ಹೆಚ್ಚು. ಹಾಗಾಗಿ ಒಂದೇ ಗಿಯರ್ ಇದ್ದಾಗ ಅದನ್ನು ಕಷ್ಟದ ಅರ್ಧಕ್ಕೆ ತಕ್ಕಂತೆ ಆರಿಸಬೇಕು. ಹಿಂಗಾಳಿಯಲ್ಲಿ ಕಾಲು ನಿಮಿಷಕ್ಕೆ 100 ಸುತ್ತು ತಿರುಗುತ್ತದೆ. ಮೊದಲು ಸೀಟಿನ ಮೇಲೆ ಕುಣಿದಂತಾಗುತ್ತದೆ, ಒಂದು ತಿಂಗಳಲ್ಲಿ ರೂಢಿಯಾಗುತ್ತದೆ.

ಇನ್ನು ಹಿಂದಿನ ಹಬ್. ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. ಹಣ ಉಳಿಸಲು ನಾನು ಮೊದಲು ಹಳೆಯ ಸೈಕಲ್ಲಿನ ಫ್ರೀವೀಲ್ ಹಬ್ಬಿಗೇ ಕಾಗ್ ತಿರುಗಿಸಿ ಕೂರಿಸಿದ್ದೆ. ಮರೆ ಒಂದೇ ಅಳತೆಯಾದ್ದರಿಂದ ಚೆನ್ನಾಗಿಯೇ ಕೂರುತ್ತದೆ. ಮುಂದಕ್ಕೆ ತುಳಿದಷ್ಟೂ ಬಿಗಿಯಾಗುತ್ತದೆ. ಆದರೆ ಫಿಕ್ಸ್ಡ್ ಸೈಕಲ್ಲಿನ ವೇಗ ಇಳಿಸಲು ಕಾಲಿನಿಂದ ಹಿಂದಕ್ಕೆ ಒತ್ತುತ್ತೇವಲ್ಲ, ಆಗ ಅದೇ ಕಾಗ್ ಬಿಚ್ಚಿಕೊಳ್ಳುತ್ತದೆ. ಒಂದು ಇಳಿಜಾರಿನಲ್ಲಿ ನನಗೆ ಹಾಗೇ ಆಯಿತು. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರ್, ಕಾಲಿನ ಕೆಳಗೆ ಪೆಡಲ್ ಖಾಲಿ ತಿರುಗುತ್ತಿದೆ. ಮುಂದಿನ ಬ್ರೇಕ್ ಇತ್ತು, ರಸ್ತೆ ಬಿಟ್ಟು ಮಣ್ಣಿಗೆ ಇಳಿದು ಬಿದ್ದೆ, ಮೊಣಕೈ ತರಚಿತು. ನಿಜವಾದ ಟ್ರ್ಯಾಕ್ ಹಬ್ಬಿನಲ್ಲಿ ಕಾಗಿನ ಹೊರಗೆ ಇನ್ನೊಂದು ಚಿಕ್ಕ ಮರೆ ಇರುತ್ತದೆ, ಅದು ಎಡಮರೆ. ಅದಕ್ಕೆ ಲಾಕ್‌ರಿಂಗ್ ಬಿಗಿದರೆ ಕಾಗ್ ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಈದಿ ಹಣದ ಅರ್ಧ ಕೊನೆಗೆ ಈ ಹಬ್ಬಿಗೇ ಹೋಯಿತು. ಮೊದಲೇ ಹೋಗಬೇಕಿತ್ತು.

ಚೈನ್ ವಿಷಯ ಸುಲಭ. ನಮ್ಮ ಸಾದಾ ಸೈಕಲ್ಲಿನ ಅಗಲ ಚೈನ್, ಅಂದರೆ 1/8 ಇಂಚಿನದು, ಸಾಕು. ಗಟ್ಟಿ, ಎಲ್ಲ ಕಡೆ ಸಿಗುತ್ತದೆ. ಗಿಯರ್ ಸೈಕಲ್ಲಿನ ಸಣ್ಣ ಚೈನ್ ಅಗಲ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಚೈನ್‌ವೀಲ್ ಮತ್ತು ಕಾಗ್ ಒಂದೇ ನೇರದಲ್ಲಿರಬೇಕು. ಹಿಂದಿನಿಂದ ಕಣ್ಣಿಟ್ಟು ನೋಡಿದರೆ ಚೈನ್ ಓರೆಯಾಗಿದ್ದರೆ ತಿಳಿಯುತ್ತದೆ, ಬಿಬಿ ಆಕ್ಸೆಲ್ ಉದ್ದ ಬದಲಿಸಿ ಸರಿಮಾಡಬಹುದು. ಚೈನ್ ಮಧ್ಯದಲ್ಲಿ ಅರ್ಧ ಇಂಚಿನಷ್ಟು ಮೇಲೆ ಕೆಳಗೆ ಆಡಬೇಕು. ಸಡಿಲವಾದರೆ ಕಳಚುತ್ತದೆ, ಫಿಕ್ಸ್ಡ್ ಸೈಕಲ್ಲಿನಲ್ಲಿ ಕಳಚಿದ ಚೈನ್ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಫ್ರೇಮು ಸಹ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಸರಿಸಲು ಬಿಡುವಂಥದ್ದಾಗಿರಬೇಕು. ಕ್ರ್ಯಾಂಕ್ 165 ಮಿ.ಮೀ. ಸಿಕ್ಕರೆ ಒಳ್ಳೆಯದು, ತಿರುವಿನಲ್ಲೂ ಪೆಡಲ್ ನಿಲ್ಲಿಸಲಾಗದ ಕಾರಣ ಉದ್ದ ಕ್ರ್ಯಾಂಕಾದರೆ ನೆಲಕ್ಕೆ ತಾಗುತ್ತದೆ.

ಗಣಿತ ಇಷ್ಟಪಡುವವರಿಗೆ ಒಂದು ಮಾತು. 48-16 ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ಕಾಲಿನಿಂದ ಚಕ್ರ ತಡೆದಾಗಲೆಲ್ಲ ಟೈರಿನ ಅದೇ ಜಾಗ ಸವೆಯುತ್ತದೆ. 48 ಮತ್ತು 17ರ ಮ.ಸಾ.ಅ. 1, ಆದ್ದರಿಂದ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ.

ದೇವದುರ್ಗದಲ್ಲಿ ನನ್ನ ಮಾಮು ಇದ್ದಾರೆ. ಆ ಕಡೆ ಬಂಡೆಗುಡ್ಡ, ಏರಿಳಿತ. ಅಲ್ಲಿಗೆ 18 ಹಲ್ಲು ಬೇಕು ಅನ್ನಿಸುತ್ತದೆ. ಏರುವುದಕ್ಕಿಂತ ಇಳಿಯುವುದೇ ಚಿಂತೆ: ಗಂಟೆಗೆ 45 ಕಿ.ಮೀ. ವೇಗ ಬಂದರೆ ಆ ಗಿಯರಿನಲ್ಲಿ ಕಾಲು ನಿಮಿಷಕ್ಕೆ 134 ಸುತ್ತು ತಿರುಗಲೇಬೇಕು. ಹಿಂದೆಯೂ ಒಂದು ಬ್ರೇಕ್ ಹಾಕಿಸಿದ ಮೇಲೆಯೇ ದೇವದುರ್ಗದ ಮಾತು ಎಂದು ಅಬ್ಬಾ ಹೇಳಿದ್ದಾರೆ. ಹಾಕಿಸಿದ್ದೇನೆ. ಪರೀಕ್ಷೆ ಮುಗಿದ ಮೇಲಿನ ಮೊದಲ ಭಾನುವಾರ ಹೊರಡುತ್ತೇನೆ.