ಸ್ಕೇಟ್‌ಬೋರ್ಡ್ ಮತ್ತು ಸ್ನೋಬೋರ್ಡ್‌ಗಳನ್ನು ಮನೆಯಲ್ಲಿ ನೆಟ್ಟಗೆ ನಿಲ್ಲಿಸಿ ಇರಿಸುವ ವಿಧಾನ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸ್ನೋಬೋರ್ಡಿಂಗ್ ಕ್ರೀಡೆಯು 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿಯೂ, ಸ್ಕೇಟ್‌ಬೋರ್ಡಿಂಗ್ ಕ್ರೀಡೆಯು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿಯೂ ಪ್ರಥಮ ಬಾರಿಗೆ ಸೇರ್ಪಡೆಯಾದವು. ಇವುಗಳ ಪೈಕಿ ಸ್ಕೇಟ್‌ಬೋರ್ಡ್ ಬೆಂಗಳೂರಿನಂತಹ ನಗರಗಳ ಮನೆಗಳಲ್ಲಿಯೂ ಕಂಡುಬರುತ್ತದೆ. ಸ್ನೋಬೋರ್ಡ್ ಹಿಮ ಬೀಳುವ ಪ್ರದೇಶದ ಉಪಕರಣವಾಗಿದ್ದು, ಭಾರತದಲ್ಲಿ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಮುಂತಾದ ಕಡೆಗಳಲ್ಲಿ ಬಳಕೆಯಲ್ಲಿದೆ.

ಸ್ಥಳದ ಅಭಾವವಿರುವ ಮನೆಗಳಲ್ಲಿ ಈ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ ಇರಿಸುವುದು ಅನುಕೂಲಕರ. ಆದರೆ ಸರಿಯಾದ ಆಸರೆ ಇಲ್ಲದಿದ್ದಲ್ಲಿ ಹಲಗೆಯು ಹಾಳಾಗುವುದಲ್ಲದೆ, ಮನೆಯಲ್ಲಿರುವ ಚಿಕ್ಕ ಮಕ್ಕಳ ಹಾಗೂ ವೃದ್ಧರ ಮೇಲೆ ಬೀಳುವ ಸಂಭವವೂ ಇರುತ್ತದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಹಲಗೆಗಳ ರಚನೆ

ಸ್ಕೇಟ್‌ಬೋರ್ಡಿನ ಹಲಗೆಯನ್ನು ಸಾಮಾನ್ಯವಾಗಿ ಮೇಪಲ್ ಮರದ 7 ತೆಳುಪದರಗಳನ್ನು ಅಂಟಿನಿಂದ ಒತ್ತಿ ಸೇರಿಸಿ ತಯಾರಿಸಲಾಗುತ್ತದೆ. ಇದರ ಉದ್ದ ಸುಮಾರು 80 ಸೆಂ.ಮೀ., ಅಗಲ ಸುಮಾರು 20 ಸೆಂ.ಮೀ. ಮೇಲ್ಮೈಗೆ ಉಜ್ಜುಕಾಗದದಂತೆ ಒರಟಾದ ಹಾಳೆಯನ್ನು ಅಂಟಿಸಲಾಗಿರುತ್ತದೆ. ಕೆಳಭಾಗದಲ್ಲಿ ಲೋಹದ ಟ್ರಕ್‌ಗಳು, ಬೇರಿಂಗ್‌ಗಳು ಹಾಗೂ ಪಾಲಿಯುರೆಥೇನ್ ಚಕ್ರಗಳಿರುತ್ತವೆ.

ವಯಸ್ಕರ ಸ್ನೋಬೋರ್ಡ್ ಸಾಮಾನ್ಯವಾಗಿ 140ರಿಂದ 165 ಸೆಂ.ಮೀ. ಉದ್ದವಿರುತ್ತದೆ. ಒಳಗೆ ಮರದ ತಿರುಳು, ಅದರ ಎರಡೂ ಬದಿ ಫೈಬರ್‌ಗ್ಲಾಸ್, ತಳದಲ್ಲಿ ಪಾಲಿಎಥಿಲೀನ್ ಹಾಗೂ ಅಂಚಿನಲ್ಲಿ ಉಕ್ಕಿನ ಪಟ್ಟಿ ಇರುತ್ತವೆ. ಎರಡೂ ಹಲಗೆಗಳಲ್ಲಿ ಮರ, ಅಂಟು ಮತ್ತು ಲೋಹಗಳಿರುವುದರಿಂದ ತೇವ, ಅತಿಯಾದ ಶಾಖ ಹಾಗೂ ಅಸಮ ಒತ್ತಡ ಇವು ಮೂರೂ ಹಾನಿಕಾರಕ.

3. ಒರಗಿಸುವುದು ಮತ್ತು ನಿಲ್ಲಿಸುವುದು

ಹಲಗೆಯನ್ನು ಗೋಡೆಗೆ ಒರಗಿಸಿದ ಮಾತ್ರಕ್ಕೆ ಅದನ್ನು ಸುರಕ್ಷಿತವಾಗಿ ನಿಲ್ಲಿಸಿದಂತಾಗುವುದಿಲ್ಲ. ಒರಗಿಸಿದ ಹಲಗೆಯು ನೆಲ ಮತ್ತು ಗೋಡೆಗಳ ಹಿಡಿತದಿಂದ ಮಾತ್ರ ನಿಂತಿರುತ್ತದೆ. ನುಣುಪಾದ ಟೈಲ್ಸ್ ಅಥವಾ ಗ್ರಾನೈಟ್ ನೆಲದಲ್ಲಿ ಈ ಹಿಡಿತ ಅತ್ಯಲ್ಪ. ಕಸ ಗುಡಿಸುವಾಗ ಪೊರಕೆ ತಗುಲಿದರೂ ಬುಡ ಜಾರಿ ಹಲಗೆ ಬೀಳಬಹುದು.

ಸ್ಕೇಟ್‌ಬೋರ್ಡಿನ ಚಕ್ರಗಳನ್ನು ಗೋಡೆಯ ಕಡೆಗೆ ಮಾಡಿ ಒರಗಿಸಿದಲ್ಲಿ ಅಪಾಯ ಇನ್ನೂ ಹೆಚ್ಚು. ಚಕ್ರಗಳು ಹಲಗೆಯ ಉದ್ದಕ್ಕೆ ಉರುಳುವಂಥವಾದ್ದರಿಂದ, ಮೇಲಿನ ಚಕ್ರಗಳು ಗೋಡೆಯ ಮೇಲೆ ಕೆಳಮುಖವಾಗಿ ಉರುಳಿ ಹಲಗೆಯು ಜಾರಿಬಿಡುತ್ತದೆ. ಒರಟು ಮೇಲ್ಮೈಯನ್ನು ಗೋಡೆಯ ಕಡೆಗೆ ಮಾಡಿದಲ್ಲಿ ಹಿಡಿತ ದೊರೆಯುತ್ತದೆ, ಆದರೆ ಗೋಡೆಯ ಬಣ್ಣ ಕೆರೆದುಹೋಗುತ್ತದೆ. ಆದ್ದರಿಂದ ಬುಡ ಜಾರದಂತೆ ಕೆಳಗೊಂದು ತಡೆ, ತಲೆ ವಾಲದಂತೆ ಮೇಲೊಂದು ಹಿಡಿ – ಇವೆರಡೂ ಇದ್ದಾಗ ಮಾತ್ರ ಹಲಗೆಯನ್ನು ನಿಲ್ಲಿಸಲಾಗಿದೆ ಎಂದು ಭಾವಿಸತಕ್ಕದ್ದು.

4. ನಿಲ್ಲಿಸುವ ಮೊದಲು ಒಣಗಿಸುವುದು

ಒದ್ದೆ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ನೀರೆಲ್ಲ ಇಳಿದು ಬುಡದ ಅಂಚಿನಲ್ಲಿ ಸೇರುತ್ತದೆ. ಸ್ಕೇಟ್‌ಬೋರ್ಡಿನ ಪದರಗಳು ಬಯಲಾಗಿರುವುದು ಆ ಅಂಚಿನಲ್ಲಿಯೇ. ಅಲ್ಲಿ ಮರವು ನೀರು ಹೀರಿ ಉಬ್ಬಿ, ಪದರಗಳು ಬಿಟ್ಟುಕೊಳ್ಳಲಾರಂಭಿಸುತ್ತವೆ. ಹೀಗೆ ಸಡಿಲಗೊಂಡ ಹಲಗೆಯು ಸವಾರನ ಭಾರಕ್ಕೆ ಮುರಿಯಬಹುದು. ಆದ್ದರಿಂದ:

(ಅ) ಮಳೆಯಲ್ಲಿ ನೆನೆದ ಸ್ಕೇಟ್‌ಬೋರ್ಡನ್ನು ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಅಡ್ಡಲಾಗಿ ಇರಿಸಿ ಪೂರ್ಣವಾಗಿ ಒಣಗಿಸುವುದು. ಬೇರಿಂಗ್‌ಗಳೊಳಗೆ ನೀರು ಹೋಗಿದ್ದಲ್ಲಿ ಚಕ್ರಗಳನ್ನು ಬಿಚ್ಚಿ ಒರೆಸುವುದು.

(ಆ) ಸ್ನೋಬೋರ್ಡಿನ ಮೇಲಿನ ಹಿಮವನ್ನು ಮನೆಯ ಹೊರಗೇ ಕೊಡವಿ, ಉಕ್ಕಿನ ಅಂಚನ್ನು ಒರೆಸುವುದು. ಇಲ್ಲದಿದ್ದಲ್ಲಿ ಅಂಚಿಗೆ ತುಕ್ಕು ಹಿಡಿಯುತ್ತದೆ.

(ಇ) ಸಿಮೆಂಟ್ ನೆಲದ ಮೇಲೆ ನೇರವಾಗಿ ನಿಲ್ಲಿಸದೆ, ಬುಡಕ್ಕೆ ರಬ್ಬರ್ ಹಾಸು ಅಥವಾ ಮರದ ತುಂಡನ್ನು ಇಡುವುದು.

(ಈ) ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತದಿರುವುದು. ಕರಾವಳಿ ಹಾಗೂ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವಾಂಶ ಅಧಿಕವಿರುವುದರಿಂದ, ಸುತ್ತಿಟ್ಟ ಹಲಗೆಯೊಳಗೆ ತೇವ ಉಳಿದು ಬೂಸ್ಟು ಬರುವ ಸಂಭವವಿದೆ.

5. ಆಸರೆಯ ವಿಧಗಳು

ನೆಲದ ಸ್ಟ್ಯಾಂಡ್: ಭಾರವಾದ ಮರದ ಅಡಿಹಲಗೆಯ ಮೇಲೆ ಎರಡು ಪಟ್ಟಿಗಳನ್ನು ಹೊಡೆದು, ನಡುವೆ ಹಲಗೆಯ ಬುಡ ಕೂರುವಷ್ಟು ಸಂದು ಬಿಡಲಾಗುತ್ತದೆ. ಸ್ಥಳೀಯ ಬಡಗಿಯಿಂದ ಇದನ್ನು ಸುಲಭವಾಗಿ ಮಾಡಿಸಿಕೊಳ್ಳಬಹುದು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಅನುಮತಿ ಇಲ್ಲದವರಿಗೆ, ಅದರಲ್ಲಿಯೂ ಸ್ಕೇಟ್‌ಬೋರ್ಡಿಗೆ, ಇದು ಸೂಕ್ತ.

ಗೋಡೆಯ ಪಟ್ಟಿ: ಸ್ನೋಬೋರ್ಡಿನಂತಹ ಉದ್ದ ಹಲಗೆಗೆ ಬುಡದ ತಡೆಯೊಂದೇ ಸಾಲದು. ಹಲಗೆಯ ಎತ್ತರದ ಮೂರನೇ ಎರಡರಷ್ಟು ಮೇಲೆ, ಅಂದರೆ 150 ಸೆಂ.ಮೀ. ಹಲಗೆಗೆ ನೆಲದಿಂದ ಸುಮಾರು 100 ಸೆಂ.ಮೀ. ಎತ್ತರದಲ್ಲಿ, ಗೋಡೆಗೆ ಕೊಕ್ಕೆ ಹಾಕಿ ಬಟ್ಟೆಯ ಪಟ್ಟಿಯಿಂದ ಸುತ್ತಿ ಕಟ್ಟತಕ್ಕದ್ದು. ಪಟ್ಟಿಯು ಹಲಗೆಯನ್ನು ಹಿಡಿದಿರಬೇಕೇ ಹೊರತು ಬಗ್ಗಿಸಬಾರದು.

ಗೋಡೆಯ ಕೊಕ್ಕೆ: ಸ್ಕೇಟ್‌ಬೋರ್ಡನ್ನು ಅದರ ಟ್ರಕ್ ಕೊಕ್ಕೆಯ ಮೇಲೆ ಕೂರುವಂತೆ ನೆಟ್ಟಗೆ ತೂಗುಹಾಕಬಹುದು. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಲ್ಲಿ ರಂಧ್ರ ಕೊರೆದು, ಪ್ಲಗ್ ತುಂಬಿ ಸ್ಕ್ರೂ ಬಿಗಿಯುವುದು ಅವಶ್ಯ. ಬರೀ ಮೊಳೆ ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ವಿದ್ಯುತ್ ಸ್ವಿಚ್‌ಗಳ ಹಾಗೂ ನಲ್ಲಿಗಳ ನೇರದಲ್ಲಿ ಗೋಡೆಯೊಳಗೆ ತಂತಿ, ಕೊಳವೆಗಳಿರುವ ಸಾಧ್ಯತೆ ಇರುವುದರಿಂದ ಅಲ್ಲಿ ಕೊರೆಯಬಾರದು.

6. ಸ್ಥಳದ ಆಯ್ಕೆ

ನೇರ ಬಿಸಿಲು ಬೀಳುವ ಬಾಲ್ಕನಿ, ಅಡುಗೆ ಒಲೆಯ ಪಕ್ಕ, ಹಾಗೂ ಶೀತಪ್ರದೇಶದ ಮನೆಗಳಲ್ಲಿ ಹೀಟರ್‌ನ ಬಳಿ ಹಲಗೆಗಳನ್ನು ಇರಿಸಬಾರದು. ಬಾಗಿಲಿನ ಹಿಂಬದಿಯೂ ಸೂಕ್ತವಲ್ಲ. ಬಾಗಿಲು ತೆರೆದಾಗಲೆಲ್ಲ ಹಲಗೆಗೆ ತಗುಲುತ್ತದೆ.

ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಮೆಟ್ಟಿಲು ಮತ್ತು ಸಾಮಾನ್ಯ ಓಣಿಗಳಲ್ಲಿ ಇವುಗಳನ್ನು ಇಡಲೇಬಾರದು. ಬೆಂಕಿ ಅನಾಹುತದ ಸಂದರ್ಭದಲ್ಲಿ ದೀಪಗಳು ಆರಿರುವಾಗ, ಬಿದ್ದು ಉರುಳುವ ಒಂದೇ ಒಂದು ಸ್ಕೇಟ್‌ಬೋರ್ಡ್ ಹೊರಬರುವ ಎಲ್ಲರ ದಾರಿಗೂ ಅಡ್ಡಿಯಾಗಬಹುದು.

7. ದೀರ್ಘಕಾಲ ಇರಿಸುವವರಿಗೆ

ಹಿಮದ ಋತು ಮುಗಿದ ನಂತರ ಸ್ನೋಬೋರ್ಡಿನ ತಳವನ್ನು ಶುಚಿಗೊಳಿಸಿ, ತಳ ಹಾಗೂ ಉಕ್ಕಿನ ಅಂಚುಗಳಿಗೆ ಮೇಣ ಲೇಪಿಸುವುದು. ಕಾಲು ಬಿಗಿಯುವ ಬೈಂಡಿಂಗ್‌ಗಳ ಸ್ಕ್ರೂಗಳನ್ನು ಸಡಿಲಿಸುವುದು ಅಥವಾ ಬೈಂಡಿಂಗ್‌ಗಳನ್ನೇ ತೆಗೆದಿಡುವುದು. ಎರಡು ಹಲಗೆಗಳನ್ನು ಒಂದಕ್ಕೊಂದು ಸೇರಿಸಿ ಬಿಗಿಯಾಗಿ ಕಟ್ಟಿದಲ್ಲಿ ಅವುಗಳ ಸಹಜ ಬಾಗು ಕೆಡಬಹುದು. ಮುಂದಿನ ಬಳಕೆಗೆ ಮೊದಲು ಸ್ಕ್ರೂಗಳನ್ನು ಮರಳಿ ಬಿಗಿಯುವುದನ್ನು ಮರೆಯಬಾರದು.

8. ಪೋಷಕರ ಗಮನಕ್ಕೆ

ಮಕ್ಕಳ ಸ್ಕೇಟ್‌ಬೋರ್ಡನ್ನು ಅವರ ಎದೆಯ ಮಟ್ಟಕ್ಕಿಂತ ಮೇಲೆ ತೂಗುಹಾಕಬಾರದು. ಕೈಗೆಟುಕದ ಹಲಗೆಯನ್ನು ಮಗು ಕೆಳಗಿನಿಂದ ಎಳೆದಾಗ ಅದು ಮುಖದ ಮೇಲೆಯೇ ಬೀಳುತ್ತದೆ. ಮಗುವು ತಾನೇ ತೆಗೆದು ತಾನೇ ಇಡುವಂತಿದ್ದರೆ ಹಲಗೆಯು ನಡುಮನೆಯ ನೆಲದ ಮೇಲೆ ಉಳಿಯುವುದೂ ತಪ್ಪುತ್ತದೆ. ಇನ್ನೂ ತೆವಳುವ ಅಥವಾ ಹಿಡಿದು ನಿಲ್ಲುವ ಶಿಶುಗಳಿರುವ ಮನೆಯಲ್ಲಿ ಉದ್ದ ಹಲಗೆಗಳನ್ನು ಮಗು ಬಾರದ ಕೋಣೆಯಲ್ಲಿ ಇರಿಸುವುದು ಕ್ಷೇಮ.

ಆಸರೆಯನ್ನು ಅಳವಡಿಸಿದ ನಂತರ ಹಲಗೆಯನ್ನು ಕೈಯಿಂದ ಮುಂದಕ್ಕೂ ಪಕ್ಕಕ್ಕೂ ಮೆಲ್ಲಗೆ ಎಳೆದು ಪರೀಕ್ಷಿಸತಕ್ಕದ್ದು. ಅಲುಗಿದರೂ ಬೀಳದಿದ್ದಲ್ಲಿ ಮಾತ್ರ ಆಸರೆ ಸಮರ್ಪಕವಾಗಿದೆ ಎಂದು ತಿಳಿಯುವುದು. ಮಕ್ಕಳನ್ನು ತರಬೇತಿಗೆ ಸೇರಿಸಬಯಸುವ ಪೋಷಕರು, ಹಲಗೆಯನ್ನು ಖರೀದಿಸುವ ಮೊದಲೇ ಅದನ್ನು ಮನೆಯಲ್ಲಿ ಎಲ್ಲಿ ಮತ್ತು ಹೇಗೆ ಇರಿಸಬೇಕೆಂಬುದನ್ನು ನಿರ್ಧರಿಸಿಕೊಳ್ಳುವುದು ಉಚಿತ.